ಕೌಬಾಯ್ ಕಾದಂಬರಿಯಲ್ಲಿ ಗೋ-ಅಭಾವ ವಿಚಾರ

ಮೀಮಾಂಸಕರ ಪದ್ಧತಿಯಂತೆ ಮೊದಲು ವಿಷಯ, ಆಮೇಲೆ ಸಂಶಯ. ವಿಷಯ: ಮೊಂಟಾನಾದಲ್ಲೋ ವಯೋಮಿಂಗ್‌ನಲ್ಲೋ ಒಂದು ಪುಟ್ಟ ಊರು, ಅಲ್ಲೊಬ್ಬ ಮಿತಭಾಷಿ ಕೌಬಾಯ್, ದೊಡ್ಡ ಪಟ್ಟಣದಿಂದ ತಲೆತಪ್ಪಿಸಿಕೊಂಡು ಬಂದ ಹೆಣ್ಣುಮಗಳು, ಅವಳ ಬೆನ್ನು ಹತ್ತಿದ ಕೊಲೆಗಡುಕ. ಸಂಶಯ: ಇಷ್ಟರಲ್ಲಿ ದನ ಎಲ್ಲಿ?

ಇದು ಉಡಾಫೆಯ ಪ್ರಶ್ನೆಯಲ್ಲ. 2020ರ ಜನಗಣತಿಯಂತೆ ವಯೋಮಿಂಗ್‌ನ ಜನಸಂಖ್ಯೆ 5,76,851; ದನಗಳು ಹೆಚ್ಚುಕಡಿಮೆ ಅದರ ಎರಡು ಪಟ್ಟು. ಮೊಂಟಾನಾದಲ್ಲೂ ಮನುಷ್ಯರಿಗಿಂತ ದನವೇ ಜಾಸ್ತಿ. ಕಾದಂಬರಿಯೊಳಗೆ ಕಾಲಿಟ್ಟ ಕೂಡಲೇ ಲೆಕ್ಕ ತಲೆಕೆಳಗು. ನಾಯಕನಿಗೆ ಕಣ್ಣು ಹಾಯುವಷ್ಟು ಹುಲ್ಲುಗಾವಲಿದೆ, ಕುದುರೆಗೆ ಹೆಸರಿದೆ, ನಾಯಿಗೆ ಹೆಸರಿದೆ, ಪಿಕಪ್ ಟ್ರಕ್ಕಿಗೆ ಕೂಡ ಒಂದು ಸ್ವಭಾವವಿದೆ. ಹಸು ಮಾತ್ರ ಬೇಲಿಯಾಚೆಯ ಚುಕ್ಕೆ. ನಾಯಕಿಯ ಕಾರು ಹಳ್ಳಕ್ಕಿಳಿಯಬೇಕಾದಾಗ ಅದು ರಸ್ತೆಗೆ ಅಡ್ಡ ಬರಬೇಕು. ಹಿಮಗಾಳಿಯ ರಾತ್ರಿ ಕರು ಹಾಕಬೇಕು, ತೋಳೇರಿಸಿದ ನಾಯಕನನ್ನು ನಾಯಕಿ ಲಾಟೀನಿನ ಬೆಳಕಲ್ಲಿ ಕಣ್ತುಂಬ ನೋಡಲಿಕ್ಕೆ. ಕೊಟ್ಟಿಗೆ ಕಂಡ ಕನ್ನಡದ ಓದುಗ ಮಾಸು ಬಿತ್ತೋ ಇಲ್ಲವೋ ಎಂದು ಚಡಪಡಿಸುತ್ತಾನೆ. ಅಷ್ಟರಲ್ಲಿ ಅವರಿಬ್ಬರೂ ಮುತ್ತಿಡುತ್ತಿರುತ್ತಾರೆ. ಮುಂದೆ ಆ ಹಸುವಿನ ಗತಿ ಏನಾಯಿತೆಂದು ಕೇಳುವವರಿಲ್ಲ.

ಈ ಅಭಾವಕ್ಕೆ ಪರಂಪರೆಯಿದೆ. 1902ರಲ್ಲಿ ಓವನ್ ವಿಸ್ಟರ್ ‘ದ ವರ್ಜೀನಿಯನ್’ ಬರೆದ. ವರ್ಮಾಂಟ್‌ನಿಂದ ಪಾಠ ಹೇಳಲು ಬಂದ ಮಾಲಿ ವುಡ್, ಹೆಸರೇ ಗೊತ್ತಾಗದ ನಾಯಕ, ಟ್ರಾಂಪಸ್ ಎಂಬ ಖಳ, ಮದುವೆಯ ಹಿಂದಿನ ಸಂಜೆ ಬಂದೂಕಿನ ಮುಖಾಮುಖಿ: ಇಂದಿನವರಿಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲೇ ಸಿದ್ಧವಾಗಿದೆ. ದನಗಳ್ಳರನ್ನು ನೇಣಿಗೇರಿಸುವುದಕ್ಕೆ ಸಿಕ್ಕ ಗಮನ ದನ ಕಾಯುವುದಕ್ಕೆ ಸಿಕ್ಕಿಲ್ಲ. ಮರುವರ್ಷವೇ, ಸ್ವತಃ ದನ ಹೊಡೆದು ಗೊತ್ತಿದ್ದ ಆಂಡಿ ಆಡಮ್ಸ್ ‘ದ ಲಾಗ್ ಆಫ್ ಎ ಕೌಬಾಯ್’ ಪ್ರಕಟಿಸಿದ. ಟೆಕ್ಸಸ್‌ನ ದಕ್ಷಿಣ ತುದಿಯಿಂದ ಮೊಂಟಾನಾದವರೆಗೆ ಮೂರು ಸಾವಿರ ದನಗಳ ಹಿಂದೆ ತಿಂಗಳುಗಟ್ಟಲೆ ಪಯಣ. ಇಲ್ಲಿ ದನವೋ ದನ, ನಾಯಕಿ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸೂತ್ರ ತಾನಾಗಿ ಹೊಳೆಯುತ್ತದೆ: ಯತ್ರ ಗೌಃ ತತ್ರ ನ ರತಿಃ. (ಸೂತ್ರ ನನ್ನದು, ವ್ಯಾಕರಣದ ಹೊಣೆಯೂ ನನ್ನದೇ.)

ನೋರಾ ರಾಬರ್ಟ್ಸ್ 1996ರಲ್ಲಿ ಬರೆದ ‘ಮೊಂಟಾನಾ ಸ್ಕೈ’ಯಲ್ಲಿ ರಾಂಚ್ ನಡೆಸುವವಳೇ ನಾಯಕಿ, ಮೈಮುರಿದು ದುಡಿಯುತ್ತಾಳೆ ಕೂಡ ಎಂದು ಕೆಲವರು ಆಕ್ಷೇಪಿಸಬಹುದು. ಸೂತ್ರಕ್ಕೆ ಒಗ್ಗದ ಗ್ರಂಥವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವುದು ವಿದ್ವತ್ತಿನ ಹಳೆಯ ಸಂಪ್ರದಾಯ. ಮುಂದುವರಿಯೋಣ.

ಚರಿತ್ರೆ ನಮ್ಮ ಕಡೆಗಿದೆ. 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್ ರೈಲು ನಿಲ್ದಾಣಕ್ಕೆ ಟೆಕ್ಸಸ್ ದನಗಳ ಹಿಂಡು ಬರತೊಡಗಿತು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ, ಬಯಲಿಗೆ ಬೇಲಿ ಬಿತ್ತು. 1886-87ರ ಚಳಿಗಾಲ ಉಳಿದ ಹಿಂಡುಗಳನ್ನು ರಾಶಿರಾಶಿಯಾಗಿ ಕೊಂದಿತು. ಕೌಬಾಯ್‌ನ ವೈಭವ ಎಂದರೆ ಅಷ್ಟೆ, ಎರಡು ದಶಕ. ಅವನು ತಿಂಗಳ ಸಂಬಳದ ಆಳು. ಅವರಲ್ಲಿ ಕಪ್ಪು ಜನರೂ ಮೆಕ್ಸಿಕೋ ಮೂಲದವರೂ ಬಹಳ. ದನ ಹೋಯಿತು, ಆಳು ಹೋದ, ಆಮೇಲೆ ಕಾದಂಬರಿ ಬಂದು ಆಳನ್ನೇ ಜಮೀನ್ದಾರನನ್ನಾಗಿ ಮಾಡಿತು, ಬಣ್ಣವನ್ನೂ ತಿದ್ದಿತು. ಟೋಪಿ ಕೂಡ ಪಶ್ಚಿಮದ್ದಲ್ಲ. 1865ರಿಂದ ಜಾನ್ ಸ್ಟೆಟ್ಸನ್ ಅದನ್ನು ತಯಾರಿಸಿದ್ದು ಪೂರ್ವದ ಫಿಲಡೆಲ್ಫಿಯಾದಲ್ಲಿ. ಮುಖಪುಟದಲ್ಲಿ ಆ ಟೋಪಿ ಮುಖ ಕಾಣದಷ್ಟು ಇಳಿದಿರುತ್ತದೆ. ಅಂಗಿಯ ಗುಂಡಿ ಮಾತ್ರ ಒಂದೂ ಹಾಕಿರುವುದಿಲ್ಲ.

ಇನ್ನು ರಸವಿಚಾರ. ಶೃಂಗಾರಕ್ಕೆ ಭಯಾನಕ ವಿರೋಧಿ ಎಂದು ಸಾಹಿತ್ಯದರ್ಪಣಕಾರ ವಿಶ್ವನಾಥ ಹೇಳಿದ್ದಾನೆ. 1949ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಪ್ರಕಾಶನ ವಿಶ್ವನಾಥನನ್ನು ಓದಿದಂತಿಲ್ಲ. 1984ರಲ್ಲಿ ‘ಇಂಟ್ರೀಗ್’ ಮಾಲೆ ಆರಂಭಿಸಿ ಎರಡು ರಸಗಳನ್ನೂ ಒಂದೇ ರಟ್ಟಿನೊಳಗೆ ಹೊಲಿದುಬಿಟ್ಟಿತು. ಪುಣ್ಯಕ್ಕೆ ಆನಂದವರ್ಧನ ಒಂದು ಕಿಂಡಿ ಬಿಟ್ಟಿದ್ದಾನೆ: ಒಂದರ ಬೆನ್ನಿಗೆ ಒಂದು ಬರಬಾರದ ರಸಗಳ ನಡುವೆ ಮತ್ತೊಂದನ್ನು ತಂದಿಟ್ಟರೆ ದೋಷವಿಲ್ಲ, ‘ನಾಗಾನಂದ’ ನಾಟಕದಲ್ಲಿ ಶಾಂತ ಶೃಂಗಾರಗಳ ನಡುವೆ ಅದ್ಭುತ ಬಂದಂತೆ. ಪುಟ್ಟ ಊರಿನಲ್ಲಿ ಡೈನರ್ ಇರುವುದು ಇದಕ್ಕೇ. ಗುಂಡು ಹಾರಿದ ಅಧ್ಯಾಯಕ್ಕೂ ತುಟಿ ಸೇರುವ ಅಧ್ಯಾಯಕ್ಕೂ ಮಧ್ಯೆ ಕಾಫಿ, ಸೇಬಿನ ಪೈ, ಊರ ಸುದ್ದಿಯೆಲ್ಲ ಬಲ್ಲ ಒಬ್ಬ ಮುದುಕಿ. ಉದ್ದೀಪನ ವಿಭಾವವೆಂದರೆ ಚಂದ್ರ, ಮಲಯಮಾರುತ ಎಂದು ಕಲಿತವರೂ ತಿದ್ದಿಕೊಳ್ಳಬೇಕು. ಇಲ್ಲಿ ಅದು ಹಿಮಪಾತ, ಸಿಗ್ನಲ್ ಸಿಗದ ಮೊಬೈಲ್, ಒಂದೇ ಮಂಚವಿರುವ ಮರದ ಮನೆ.

ಊರ ಹೆಬ್ಬಾಗಿಲ ಫಲಕ ಜನಸಂಖ್ಯೆ 800 ಎನ್ನುತ್ತದೆ. ಒಂದೇ ಮನೆತನದಲ್ಲಿ ಐವರು ಅಣ್ಣತಮ್ಮಂದಿರು, ತಲೆಗೊಂದು ಪುಸ್ತಕ, ಪುಸ್ತಕಕ್ಕೆರಡು ಹೆಣ. ಮಾಲೆ ಮುಗಿಯುವ ಹೊತ್ತಿಗೆ ಊರವರು ಸತ್ತಿರಬೇಕು, ಜೈಲಿನಲ್ಲಿರಬೇಕು, ಇಲ್ಲವೇ ಆ ಮನೆಯ ಸೊಸೆಯಾಗಿರಬೇಕು. ಆದರೂ ಪಟ್ಟಣದ ಹೆಣ್ಣುಮಕ್ಕಳು ಇಲ್ಲಾದರೂ ನಿಶ್ಚಿಂತೆಯಾಗಿರೋಣ ಎಂದು ಬರುತ್ತಲೇ ಇರುತ್ತಾರೆ. ಷೆರಿಫನನ್ನು ಕೌಂಟಿಯ ಮತದಾರರೇ ಆರಿಸುವುದು ಅಲ್ಲಿನ ಪದ್ಧತಿ. ಇಷ್ಟೊಂದು ಹೆಣ ಬಿದ್ದರೂ ಆತ ಸೋಲುವುದಿಲ್ಲ, ಏಕೆಂದರೆ ಐವರಲ್ಲಿ ಅವನೂ ಒಬ್ಬ. ಓದುವವಳಿಗಂತೂ ದಿಗಿಲಿಲ್ಲ. ಪ್ರೇಮ ಸುಖಾಂತವಾಗಲೇಬೇಕೆಂಬುದು ಈ ಪ್ರಕಾರದ ಕರಾರು. ನಾಯಕಿ ಬದುಕುತ್ತಾಳೋ ಇಲ್ಲವೋ ಎಂಬುದು ಇಲ್ಲಿ ಕುತೂಹಲವೇ ಅಲ್ಲ. ಎಷ್ಟನೇ ಪುಟದಲ್ಲಿ ಬದುಕುತ್ತಾಳೆ ಎಂಬುದಷ್ಟೇ.

ಈಗ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ದನ ಇಲ್ಲವೆನ್ನುವುದು ಸುಳ್ಳು, ಡೈನರ್‌ನಲ್ಲಿ ನಾಯಕ ಕೊಯ್ದು ತಿನ್ನುವ ಸ್ಟೇಕ್ ಮತ್ತೇನು ಎನ್ನುತ್ತಾನೆ. ಪ್ರಶ್ನೆ ಗಟ್ಟಿಯಾಗಿದೆ, ಉತ್ತರಕ್ಕೆ ನೈಯಾಯಿಕರ ಮನೆ ಬಾಗಿಲಿಗೇ ಹೋಗಬೇಕು. ಅಭಾವ ನಾಲ್ಕು ಬಗೆ. ಕರು ಹುಟ್ಟುವ ಅಧ್ಯಾಯದ ತನಕ ಕರುವಿನದು ಪ್ರಾಗಭಾವ. ಹಸು ಪ್ರೇಮವಲ್ಲ, ಪ್ರೇಮ ಹಸುವಲ್ಲ ಎಂಬುದು ಅನ್ಯೋನ್ಯಾಭಾವ. ವಿಸ್ಟರ್ ಮತ್ತು ಆಡಮ್ಸ್ ಸೇರಿ ಇದನ್ನು ಆಗಲೇ ಸಾಧಿಸಿಕೊಟ್ಟಿದ್ದಾರೆ. ಸಗಣಿಯದು ಅತ್ಯಂತಾಭಾವ: ಭೂತ, ಭವಿಷ್ಯ, ವರ್ತಮಾನ ಮೂರರಲ್ಲೂ ನಾಯಕನ ಬೂಟಿಗೆ ಅದು ಅಂಟಿದ್ದಿಲ್ಲ. ತಟ್ಟೆಯಲ್ಲಿರುವುದು ಪ್ರಧ್ವಂಸಾಭಾವ, ಅಂದರೆ ಇದ್ದು ಇಲ್ಲವಾದದ್ದು. ಪೂರ್ವಪಕ್ಷಿ ಇನ್ನೂ ಅದೇ ದನವೆಂದು ಹಟ ಹಿಡಿದರೆ, ಡೈನರ್‌ನ ಮುದುಕಿ ಕಾಫಿ ಬಗ್ಗಿಸುತ್ತ ಒಂದೇ ಮಾತು ಕೇಳುತ್ತಾಳೆ: “ಸಾಕಷ್ಟು ಬೆಂದಿದೆಯಾ, ಇನ್ನೂ ಸ್ವಲ್ಪ ಬೇಯಿಸಲಾ?”