ಹತ್ತು ನಿಮಿಷ ಮುಂದೆ

ನಮ್ಮಪ್ಪನ ವಾಚು ಹತ್ತು ನಿಮಿಷ ಮುಂದಿರುತ್ತಿತ್ತು. ಕೆಟ್ಟು ಹಾಗಾದದ್ದಲ್ಲ, ಅವರೇ ಕೂತು ಮುಂದಿಟ್ಟದ್ದು.

ಅದು ಎಚ್‌ಎಂಟಿ ಜನತಾ, 1974ರಲ್ಲಿ ಮದುವೆಗೆ ಮಾವ ಕೊಟ್ಟದ್ದು. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದದ್ದು 1961ರಲ್ಲಿ. ಆಮೇಲೆ ಬಹಳ ವರ್ಷ, ಅಳಿಯನ ಕೈಗೆ ಎಚ್‌ಎಂಟಿ ಕಟ್ಟದ ಮಾವ ಛತ್ರದಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಅದರ ಯಂತ್ರದೊಳಗೆ 17 ಹರಳು. "ನೋಡೇ, ನಿಮ್ಮಪ್ಪ ನಿನಗೆ ಹಾಕಿದ್ದು ಏಳು ಹರಳಿನ ಓಲೆ, ನನಗೆ ಹದಿನೇಳರದ್ದು. ಯಾರ ಮೇಲೆ ಪ್ರೀತಿ ಜಾಸ್ತಿ?" ಎಂದು ಅಮ್ಮನನ್ನು ಕೆಣಕುವರು. ಅಮ್ಮ ಬಿಡುವವಳಲ್ಲ: "ನಮ್ಮಪ್ಪ ಕೊಟ್ಟಾಗ ಸರಿಯಾಗೇ ನಡೀತಿತ್ತು. ನಿಮ್ಮ ಕೈಗೆ ಬಂದಮೇಲೆ ಹೀಗಾಗಿದ್ದು ರೀ."

ಮುಂದಿದೆ ಅಂತ ಗೊತ್ತಿದ್ದಮೇಲೆ ಹತ್ತು ಕಳೆದು ನೋಡಿದರಾಯಿತು, ಏನು ಪ್ರಯೋಜನ ಎಂದು ನಾನೊಮ್ಮೆ ಕೇಳಿದ್ದೆ. "ಕಳೆಯೋರು ನೀವು. ನಾನು ಕಳೆಯಲ್ಲ" ಎಂದರು. ನಿಜ, ಕಳೆಯುತ್ತಿರಲಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಒಂದು ಗಂಟೆ ಮುಂಚೆ ಹಾಜರು, ಅದರ ಮೇಲೆ ವಾಚಿನ ಹತ್ತು ನಿಮಿಷ. ರೈಲು ಲೇಟೆಂದು ಬೋರ್ಡಿನಲ್ಲಿ ಬರೆಯುವವನೇ ನಮ್ಮನ್ನು ಕಂಡು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಮದುವೆಮನೆಗೂ ಹಾಗೇ, ಬಾಳೆಕಂದು ಕಟ್ಟುವ ಹೊತ್ತಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಿರುವರು. ಒಂದು ಸಲ ಅಡುಗೆಭಟ್ಟರು ಇವರನ್ನು ಕೈಯಾಳೆಂದು ತಿಳಿದು ಬೂದುಗುಂಬಳಕಾಯಿ ಹೆಚ್ಚಲು ಕೂರಿಸಿದರು. ಅಪ್ಪ ಹೆಚ್ಚಿಯೂ ಕೊಟ್ಟರು. ಪಂಕ್ತಿಯಲ್ಲಿ ಹುಳಿ ಬಡಿಸುವಾಗ ಅಕ್ಕಪಕ್ಕದವರಿಗೆಲ್ಲ "ಹೋಳು ನಂದು" ಎಂದು ಹೇಳಿದ್ದೇ ಹೇಳಿದ್ದು.

ನನ್ನ ಮಗಳು ಗಡಿಯಾರ ನೋಡಲು ಕಲಿತದ್ದು ಈ ತಾತನ ತೊಡೆಯ ಮೇಲೆ. ಒಂದನೇ ಕ್ಲಾಸಿನ ಪರೀಕ್ಷೆಯಲ್ಲಿ ಗಡಿಯಾರದ ಚಿತ್ರ ಕೊಟ್ಟು ಸಮಯ ಕೇಳಿದ್ದರು. ಮುಳ್ಳುಗಳು ಅಂಗಡಿಯ ವಾಚುಗಳಲ್ಲಿರುವಂತೆ ಹತ್ತು ಹತ್ತರಲ್ಲಿದ್ದವು. ಇವಳು "ಸರಿಯಾಗಿ ಹತ್ತು ಗಂಟೆ" ಎಂದು ಬರೆದು ಸೊನ್ನೆ ತಂದಳು. ಟೀಚರ ಕೆಂಪು ಗೆರೆಯ ಪಕ್ಕದಲ್ಲಿ ತಾತ ಪೆನ್ಸಿಲಿನಲ್ಲಿ ಒಂದು ರೈಟು ಹಾಕಿಕೊಟ್ಟರು.

ಅಪ್ಪ ಹೋದದ್ದು ಮನೆಯಲ್ಲೇ, ಬೆಳಗಿನ ಜಾವ. ಪುರೋಹಿತರು ಪಂಚಾಂಗ ಬಿಡಿಸಿ "ಪ್ರಾಣ ಹೋದಾಗ ಗಂಟೆ ಎಷ್ಟು?" ಎಂದರು. ಅಪ್ಪನ ಕೈಯ ವಾಚೇ ನೋಡಿದ್ದೆ, 6.22 ಎಂದೆ. ದಶಮಿ 6.18ಕ್ಕೆ ಮುಗಿದಿತ್ತು. "ಆಹಾ, ಏಕಾದಶಿ! ಪುಣ್ಯಾತ್ಮರು" ಎಂದು ಅವರು ಕನ್ನಡಕ ತೆಗೆದರು. ಮೂಲೆಯಲ್ಲಿ ಅಳುತ್ತಾ ಕೂತಿದ್ದ ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

"ಅದು ಅವರ ವಾಚು. ಹತ್ತು ಕಳೀರಿ."

"ಕಳೆದರೆ ದಶಮಿ ಆಗತ್ತಲ್ಲಮ್ಮ..."

"ಆಗ್ಲಿ. ಬದುಕಿದ್ದಾಗ ಒಂದು ಏಕಾದಶಿಗೂ ಉಪವಾಸ ಇದ್ದೋರಲ್ಲ. ವರ್ಷಕ್ಕೊಂದು ಸಲ ಆಂಬೊಡೆ ತಿನ್ನೋಕೆ ಬರೋ ದಿನಾನೇ ಉಪವಾಸದ ದಿನ ಆಗಬೇಕಾ?"

ತಿಥಿ ದಶಮಿಗೇ ನಿಂತಿತು. ಅಪ್ಪನ ಹತ್ತು ನಿಮಿಷವನ್ನು ಯಾರಾದರೂ ಕಳೆದು ಗೆದ್ದದ್ದು ಅದೊಂದೇ ಸಲ.

ಮೊನ್ನೆ ಮೂರನೇ ವರ್ಷದ ತಿಥಿ. ಹತ್ತೂವರೆಗೆ ಬರುತ್ತೇನೆಂದಿದ್ದ ಪುರೋಹಿತರು ಬಂದಾಗ ನನ್ನ ಮೊಬೈಲಿನಲ್ಲಿ 11.45. ಅಮ್ಮ ಏನೂ ಅನ್ನಲಿಲ್ಲ. ಒಳಗೆ ಹೋಗಿ ಬೀರುವಿನಿಂದ ವಾಚು ತಂದು, ಅವರಿಗೆ ಎದುರಾಗಿ ಕಾಣುವಂತೆ ಅಪ್ಪನ ಫೋಟೋದ ಮುಂದಿಟ್ಟಳು. ದಿನಾ ಕೀ ಕೊಡದಿದ್ದರೆ ನಿಂತುಹೋಗುವ ವಾಚು ಅದು, ಎಂದೋ ನಿಂತಿರಬೇಕೆಂದುಕೊಂಡಿದ್ದೆ. ಬಗ್ಗಿ ನೋಡಿದೆ. ಟಿಕ್‌ಟಿಕ್ ಅನ್ನುತ್ತಾ ಹನ್ನೆರಡಕ್ಕೆ ಐದು ನಿಮಿಷ ತೋರಿಸುತ್ತಿತ್ತು.