ದೊಗಳೆ ಸ್ವೆಟರಿನ ವರ್ಣಪ್ರಕರಣ

ಶೇಡಬಾಳದಲ್ಲಿ ದೊಗಳೆ ಸ್ವೆಟರು ಯಾತಕ್ಕೆ ಬೇಕು ಎಂಬುದು ಈ ಶಾಸ್ತ್ರದ ಮೊದಲನೆಯ ಪ್ರಶ್ನೆ. ಬೇಡ ಎಂಬುದು ಉತ್ತರ. ಉತ್ತರ ಇಷ್ಟು ಗಿಡ್ಡಗಿದ್ದರೆ ಪ್ರಬಂಧ ಬೆಳೆಯದಾದ ಕಾರಣ ವಿಷಯವನ್ನು ಇಲ್ಲಿ ವಿಸ್ತರಿಸಲಾಗಿದೆ.

ಮೊದಲಿಗೆ ದೇಶಕಾಲ ವಿಚಾರ. ಕಾಗವಾಡ ತಾಲ್ಲೂಕಿನ ಈ ಊರಿಗೆ ಚಳಿ ಬರುವುದು ಕಬ್ಬಿನ ಹಂಗಾಮಿನ ಬೆನ್ನು ಹತ್ತಿ. ದೀಪಾವಳಿ ದಾಟಿ ಕಬ್ಬಿನ ಟ್ರ್ಯಾಕ್ಟರುಗಳು ಉಗಾರದ ಕಾರ್ಖಾನೆಯ ಕಡೆ ಮುಖ ಮಾಡಿದವೆಂದರೆ ನಸುಕಿನಲ್ಲಿ ಹಲ್ಲು ಕಟಕಟ ಅನ್ನುತ್ತವೆ. ಬಿಸಿಲು ಏರಿದೊಡನೆ ಮೈಮೇಲಿನ ಸ್ವೆಟರು ಟ್ರ್ಯಾಕ್ಟರಿನ ಸೀಟಿಗೆ ಇಳಿದು ದಿಂಬಾಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೊರಟುಹೋಗುವುದು ಲೋಕಪ್ರಸಿದ್ಧ. ಹೀಗಾಗಿ ಈ ಉಡುಪಿನ ಉಪಯೋಗದ ಅವಧಿ ಅದನ್ನು ಹೆಣೆಯುವ ಅವಧಿಗಿಂತ ಕಡಿಮೆ. ಉಪಯೋಗವಿದ್ದದ್ದು ಕಸುಬು, ಉಪಯೋಗವಿಲ್ಲದ್ದು ಶಾಸ್ತ್ರ. ಆದ್ದರಿಂದ ಸ್ವೆಟರು ಶಾಸ್ತ್ರದ ವ್ಯಾಪ್ತಿಗೆ ಬರುತ್ತದೆಂದು ಸಿದ್ಧವಾಯಿತು.

ಇಲ್ಲಿ ಪೂರ್ವಪಕ್ಷದವರು ದೊಡ್ಡದೊಂದು ಆಕ್ಷೇಪ ಎತ್ತುತ್ತಾರೆ. ಈ ಸೀಮೆ ಬಟ್ಟೆ ಬಿಟ್ಟವರಿಂದ ದೊಡ್ಡದಾದ ಸೀಮೆ. ಭೋಜದ ಆಚಾರ್ಯ ಶಾಂತಿಸಾಗರರು, ಕೋಥಳಿಯ ಆಚಾರ್ಯ ದೇಶಭೂಷಣರು, 1925ರಲ್ಲಿ ಇದೇ ಶೇಡಬಾಳದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು, ಮೂವರೂ ದಿಕ್ಕುಗಳನ್ನೇ ಉಟ್ಟ ಜೈನ ಮುನಿಗಳು. ಅಂಥವರು ಓಡಾಡಿದ ಮಣ್ಣಿನಲ್ಲಿ ಮೂವತ್ತಾರು ಇಂಚಿನ ಎದೆಗೆ ನಲವತ್ತೆಂಟು ಇಂಚಿನ ಸ್ವೆಟರು ಹೆಣೆದರೆ ಮಿಕ್ಕ ಹನ್ನೆರಡು ಇಂಚು ಶುದ್ಧ ಪರಿಗ್ರಹವಲ್ಲವೆ? ಆಕ್ಷೇಪ ಗಟ್ಟಿಯಾಗಿದೆ. ಆದರೆ ಗೃಹಸ್ಥರಿಗೆ ಶ್ರಾವಕಾಚಾರ ವಿಧಿಸಿರುವುದು ಪರಿಗ್ರಹದ ಪರಿಮಾಣವನ್ನು ಮಾತ್ರ: ಇಷ್ಟಕ್ಕೆ ಸಾಕು ಎಂದು ಮೊದಲೇ ಗೆರೆ ಹಾಕಿಕೊಳ್ಳಬೇಕು, ಆಮೇಲೆ ದಾಟಬಾರದು. ಹೆಣಿಗೆಯವರು ಮೊದಲ ಸಾಲು ಕಡ್ಡಿಗೆ ಏರಿಸುವಾಗಲೇ ನಲವತ್ತೆಂಟು ಎಂದು ಗೆರೆ ಹಾಕಿಕೊಂಡಿರುತ್ತಾರೆ. ಅದನ್ನು ದಾಟುವುದು ಸ್ವೆಟರು, ಅದೂ ಎರಡನೆಯ ಸಲ ನೀರು ಕಂಡ ಮೇಲೆ. ಆ ದೋಷ ನೂಲಿನ ಲೆಕ್ಕಕ್ಕೆ ಹೋಗುತ್ತದೆ, ಹೆಣೆದವರಿಗೆ ಅಂಟುವುದಿಲ್ಲ.

ಇನ್ನು ಕುಲಗೋತ್ರ. ಮುಂದುಗಡೆ ಸೀಳಿ ಗುಂಡಿ ಹಾಕಿದ ಸ್ವೆಟರಿಗೆ ಕಾರ್ಡಿಗನ್ ಎನ್ನುತ್ತಾರೆ. ಅದು ಏಳನೆಯ ಅರ್ಲ್ ಆಫ್ ಕಾರ್ಡಿಗನ್‌ನ ಹೆಸರು. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವದಲ್ಲಿ ಈತ ತನ್ನ ಕುದುರೆ ದಂಡನ್ನು ರಷ್ಯನ್ ಫಿರಂಗಿಗಳ ಬಾಯಿಗೆ ನುಗ್ಗಿಸಿದ. ಅಲ್ಲಿ ಇಂಗ್ಲಿಷ್ ಸೇನೆಗೆಲ್ಲ ಮುಖ್ಯಸ್ಥನಾಗಿದ್ದವನು ಲಾರ್ಡ್ ರಾಗ್ಲನ್. ವಾಟರ್‌ಲೂ ಕದನದಲ್ಲಿ ಒಂದು ಕೈ ಕಳಕೊಂಡಿದ್ದ ಅವನ ಹೆಸರು ಕೊರಳಿನಿಂದ ಓರೆಯಾಗಿ ಇಳಿಯುವ ತೋಳಿಗೆ ಅಂಟಿಕೊಂಡಿದೆ. ಬಾಲಕ್ಲಾವ ಎಂಬ ಊರಿನ ಹೆಸರಂತೂ ನಮ್ಮ ಅಜ್ಜಂದಿರು ಕಿವಿ ಮುಚ್ಚುವಂತೆ ಎಳೆದುಕೊಳ್ಳುವ ಮಂಕಿ ಟೋಪಿಗೆ ಹೋಯಿತು. ಒಂದೇ ಯುದ್ಧ ಮೈಗೆ, ತೋಳಿಗೆ, ತಲೆಗೆ ಮೂರಕ್ಕೂ ಹೆಸರು ಕೊಟ್ಟದ್ದು ಲೋಕದ ಇತಿಹಾಸದಲ್ಲಿ ಅಪರೂಪ. ಆ ದಂಡು ಮಾಡಿದ ಬೇರೆ ಯಾವ ಉಪಕಾರವೂ ಶೇಡಬಾಳಕ್ಕೆ ತಲುಪಿಲ್ಲ.

ಕಂಬಳಿ ಮತದವರು ಈ ವಂಶಾವಳಿಯನ್ನು ಒಪ್ಪುವುದಿಲ್ಲ. ಅವರ ವಾದ ಹೀಗಿದೆ: ದಖ್ಖನಿ ಕುರಿಯ ಉಣ್ಣೆ ಕತ್ತರಿಸಿ, ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಸರಿ ಬಳಿದು ಬಿಗಿ ಮಾಡಿದ ಕರಿ ಕಂಬಳಿಯೇ ಮೂಲ ದೊಗಳೆ ಉಡುಪು. ಹೊದ್ದರೆ ಹೊದಿಕೆ, ಹಾಸಿದರೆ ಹಾಸಿಗೆ, ಕೊಪ್ಪೆ ಹಾಕಿಕೊಂಡರೆ ಜಿಟಿಜಿಟಿ ಮಳೆಯಲ್ಲಿ ಮನೆ. ಅದಕ್ಕೆ ತೋಳಿಲ್ಲ, ಗುಂಡಿಯಿಲ್ಲ, ಅಳತೆಯಿಲ್ಲ. ಒಂದೇ ಕಂಬಳಿ ಅಪ್ಪನಿಗೂ ಮಗನಿಗೂ ಎದುರಿಗೆ ನಿಂತ ಕುರಿಮರಿಗೂ ಸರಿಯಾಗುತ್ತದೆ. ಮಾಘ ಮಾಸದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದವರು ಈ ಮತಕ್ಕೆ ಈಗಲೂ ಎಷ್ಟು ಅನುಯಾಯಿಗಳಿದ್ದಾರೆಂದು ಕಣ್ಣಾರೆ ಕಾಣಬಹುದು. ಕಂಬಳಿಯ ಬಣ್ಣವೂ ಕುರಿಯ ಮೈಯಿಂದಲೇ ಬಂದದ್ದು: ಕರಿ, ಕಂದು, ಬೂದಿ, ಬಿಳಿ. ವರ್ಣಕ್ರಮ ಕುರಿಗೆ ಮೊದಲೇ ಗೊತ್ತಿತ್ತು, ಹೆಣಿಗೆಯವರು ತಡವಾಗಿ ಕಲಿತರು ಎಂದು ಅವರು ಹೀಯಾಳಿಸುತ್ತಾರೆ. ಈ ಲೇಖಕನ ಬಳಿ ಇದಕ್ಕೆ ಜವಾಬಿಲ್ಲ. ಶಾಸ್ತ್ರದ ಮರ್ಯಾದೆಯಂತೆ ಜವಾಬಿಲ್ಲದ ವಾದವನ್ನು ‘ಅಪ್ರಸ್ತುತ’ ಎಂದು ಕರೆದು ಮುಂದೆ ಸಾಗುತ್ತೇವೆ. ದಖ್ಖನಿ ಉಣ್ಣೆ ಚುಚ್ಚುತ್ತದೆ ಎಂಬಷ್ಟನ್ನು ಮಾತ್ರ ದಾಖಲಿಸಿಡಬಹುದು.

ಚುಚ್ಚದ ನೂಲಿಗೆ ಮಿರಜಿಗೆ ಹೋಗಬೇಕು. ಶೇಡಬಾಳದ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದರೆ ವಿಜಯನಗರ ದಾಟಿ ಮಿರಜು ಬರುತ್ತದೆ. ಅಂಗಡಿಯಲ್ಲಿ ಸಿಗುವ ‘ಉಲ್ಲನ್’ ಹೆಚ್ಚಿನಂಶ ಲುಧಿಯಾನದ ಅಕ್ರಿಲಿಕ್ಕು, ಅಂದರೆ ಕುರಿಯ ಮುಖ ನೋಡದ ಉಣ್ಣೆ. ಅಹಿಂಸೆಯ ದೃಷ್ಟಿಯಿಂದ ಇದರ ಜಾತಕ ಕಂಬಳಿಗಿಂತಲೂ ಶುದ್ಧ. 1965ರಲ್ಲಿ ಲುಧಿಯಾನದಲ್ಲಿ ಶುರುವಾದ ಗಿರಣಿಯೊಂದರ ಉಂಡೆಗಳ ಮೇಲೆ ಇಪ್ಪತ್ನಾಲ್ಕನೆಯ ತೀರ್ಥಂಕರರ ‘ವರ್ಧಮಾನ’ ಎಂಬ ಹೆಸರೇ ಇರುವುದರಿಂದ ಶೇಡಬಾಳದ ಮನೆಗಳಲ್ಲಿ ಅದನ್ನು ಕಾಲಿಗೆ ತಾಗದ ಹಾಗೆ ಎತ್ತಿಡಬೇಕೆ ಎಂಬ ಪ್ರಶ್ನೆಯೂ ಏಳುತ್ತದೆ. ಎತ್ತಿಡುವುದೇ ಲೇಸು; ಕೆಳಗಿದ್ದರೆ ಬೆಕ್ಕು ಒಯ್ಯುತ್ತದೆ.

ಈಗ ಗಣಿತ. ಇಂಚಿಗೆ ನಾಲ್ಕೂವರೆ ಕುಣಿಕೆಯಂತೆ ನಲವತ್ತೆಂಟು ಇಂಚಿಗೆ 216 ಕುಣಿಕೆ. ಇಂಚಿಗೆ ಆರು ಸಾಲಿನಂತೆ ಇಪ್ಪತ್ತಾರು ಇಂಚು ಉದ್ದಕ್ಕೆ 156 ಸಾಲು. ಗುಣಿಸಿದರೆ ಮೈಗೆ 33,696 ಕುಣಿಕೆ. ಹದಿನಾಲ್ಕು ಇಂಚು ಸುತ್ತಳತೆ, ಹದಿನೆಂಟು ಇಂಚು ಉದ್ದದ ತೋಳು ಒಂದಕ್ಕೆ 6,804ರಂತೆ ಎರಡಕ್ಕೆ 13,608. ಒಟ್ಟು 47,304. ಕೊರಳಿನ ಪಟ್ಟಿ, ಗುಂಡಿಯ ಪಟ್ಟಿ, ‘ಒಂದ್ ಜೇಬು ಇರಲಿ, ಮೊಬೈಲ್ ಇಡ್ಲಾಕ ಬರ್ತೈತಿ’ ಎಂಬ ಮನೆಯವರ ತಿದ್ದುಪಡಿ ಇದರಲ್ಲಿ ಸೇರಿಲ್ಲ. ಅಕ್ಕನ ಮನೆಯ ಲಗ್ನದ ಯಾದಿ ಬರೆಯುವಾಗಲೂ ಇಷ್ಟು ಎಣಿಕೆ ನಡೆಯುವುದಿಲ್ಲ.

ಮೈಯ ಉಬ್ಬುತಗ್ಗಿನ ವಿಷಯದಲ್ಲಿ ಮತಭೇದ ಕಡಿಮೆ. ಮರಾಠಿ ಬಲ್ಲ ನಮ್ಮ ಕಡೆಯ ಹೆಂಗಸರು ಸುಲಟ, ಉಲಟ ಎಂದು ಎರಡೇ ಕುಣಿಕೆ ಹೇಳುತ್ತಾರೆ. ಜಗತ್ತಿನ ಎಲ್ಲ ಹೆಣಿಗೆಯೂ ಈ ಎರಡರ ಸಂತಾನ. ಒಂದು ಸುಲಟ ಒಂದು ಉಲಟ ಹಾಕಿ, ಮರುಸಾಲಿನಲ್ಲಿ ಸುಲಟದ ಮೇಲೆ ಉಲಟ ಬೀಳಿಸಿದರೆ ಸಾಬೂದಾಣಿ. ದೊಗಳೆ ಸ್ವೆಟರಿಗೆ ಇದೇ ಪ್ರಶಸ್ತ. ಕಾರಣ ಶುದ್ಧ ಯಾಂತ್ರಿಕ. ನೆಟ್ಟಗಿನ ಸುಲಟದ ಮೈಯಲ್ಲಿ ಹೊಸ ಬಣ್ಣ ಬಂದರೆ ನಡುವೆ ಚೂರಿಯಿಂದ ಗೀರಿದಂತೆ ಗೆರೆ ಕಾಣುತ್ತದೆ. ಸಾಬೂದಾಣಿಯಲ್ಲಾದರೆ ಉಲಟದ ಗಂಟು ಕೆಳಗಿನ ಸಾಲಿನ ಬಣ್ಣವನ್ನು ಮೇಲಿನ ಸಾಲಿಗೆ ಎತ್ತಿ ಹಿಡಿಯುತ್ತದೆ, ಎರಡು ಬಣ್ಣಗಳು ಒಂದರೊಳಗೊಂದು ಚುಕ್ಕೆಚುಕ್ಕೆಯಾಗಿ ಸೇರುತ್ತವೆ.

ಬಣ್ಣಕ್ಕೆ ಬರೋಣ. ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಸಾಗಬೇಕು? ಮಿರಜಿನ ಅಂಗಡಿಯವರು ಗುಲಾಬಿಯಿಂದ ನೇರಳೆಗೆ ಎನ್ನುತ್ತಾರೆ, ಅದಕ್ಕೆ ಆಧಾರವಿಲ್ಲ. ಶಾಸ್ತ್ರಾಧಾರ ಇರುವುದು ಗೊಮ್ಮಟಸಾರದಲ್ಲಿ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅಲ್ಲಿ ಜೀವದ ಪರಿಣಾಮಗಳನ್ನು ಆರು ಲೇಶ್ಯೆಗಳಾಗಿ ವಿವರಿಸುತ್ತಾರೆ: ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ. ಕಪ್ಪಿನಿಂದ ಹೊರಟು ನೀಲಿ, ಪಾರಿವಾಳದ ಬೂದಿ, ಹಳದಿ, ತಾವರೆಗೆಂಪು ದಾಟಿ ಬಿಳಿಗೆ ಮುಟ್ಟುವ ಹಾದಿ. ಇದಕ್ಕೆ ಕೇಶವಣ್ಣ 1359ರಲ್ಲಿ ಕನ್ನಡದಲ್ಲೇ ಟೀಕೆ ಬರೆದ. ಆ ಕನ್ನಡ ಟೀಕೆ ಯಾರದು, ಅದೇ ಹೆಸರಿನ ಸಂಸ್ಕೃತ ಟೀಕೆ ಯಾರದು ಎಂದು ಬಿಡಿಸಿ ಹೇಳಿದವರು ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ. ಇಷ್ಟು ದೊಡ್ಡವರ ಶ್ರಮ ಕಡೆಗೆ ಒಂದು ಸ್ವೆಟರಿಗೆ ಒದಗಿ ಬಂದದ್ದು ವಿದ್ವತ್ತಿನ ವಿಧಿ. ಲೇಶ್ಯೆ ಆತ್ಮದ ಸಂಗತಿಯೇ ಹೊರತು ಅಕ್ರಿಲಿಕ್ಕಿನದಲ್ಲ ಎಂಬ ಆಕ್ಷೇಪವನ್ನು ಈ ಲೇಖಕ ತಲೆಬಾಗಿ ಒಪ್ಪುತ್ತಾನೆ, ಒಪ್ಪಿ ಹೆಣಿಗೆ ಮುಂದುವರಿಸುತ್ತಾನೆ.

ವಿಧಾನ ಸರಳ. ಎರಡೆಳೆ ಕೂಡಿಸಿ ಹೆಣೆಯಬೇಕು. ಮೊದಲು ಎರಡೂ ಎಳೆ ಕಪ್ಪು; ಬಳಿಕ ಒಂದು ಕಪ್ಪು ಒಂದು ನೀಲಿ; ಬಳಿಕ ಎರಡೂ ನೀಲಿ. ಹೀಗೆ ನಡೆದರೆ ಆರು ಅಚ್ಚ ಬಣ್ಣ, ನಡುವೆ ಐದು ಬೆರಕೆ, ಒಟ್ಟು ಹನ್ನೊಂದು ಛಾಯೆ. ಛಾಯೆಗೆ ಹದಿನಾಲ್ಕು ಸಾಲಿನಂತೆ 154 ಸಾಲು ಆಯಿತು. ಮಿಕ್ಕ ಎರಡು ಸಾಲನ್ನು ಪ್ರಕ್ಷಿಪ್ತವೆಂದು ತಿಳಿಯತಕ್ಕದ್ದು.

ಲೇಶ್ಯೆಗೆ ಹಳೆಯ ದೃಷ್ಟಾಂತವೊಂದಿದೆ. ಹಸಿದ ಆರು ಜನ ಹಣ್ಣಿನ ಮರ ಕಂಡಾಗ ಕೃಷ್ಣಲೇಶ್ಯೆಯವನು ಮರವನ್ನು ಬೇರುಸಹಿತ ಕೀಳಬೇಕೆನ್ನುತ್ತಾನೆ, ಶುಕ್ಲಲೇಶ್ಯೆಯವನು ನೆಲಕ್ಕೆ ಬಿದ್ದ ಹಣ್ಣು ಸಾಕೆನ್ನುತ್ತಾನೆ. ಉಳಿದ ನಾಲ್ವರು ಬೊಡ್ಡೆ, ಕೊಂಬೆ, ರೆಂಬೆ, ಮರದ ಮೇಲಿನ ಹಣ್ಣು ಎಂದು ನಡುವೆ ನಿಲ್ಲುತ್ತಾರೆ. ಹೆಣಿಗೆಯಲ್ಲಿ ತೊಂಬತ್ತನೆಯ ಸಾಲಿಗೆ ಬಂದಾಗ ಎಪ್ಪತ್ತನೆಯ ಸಾಲಿನಲ್ಲಿ ಒಂದು ಕುಣಿಕೆ ಜಾರಿದ್ದು ಕಂಡರೆ ಇದೇ ಆರು ಜನ ಮತ್ತೆ ಹುಟ್ಟುತ್ತಾರೆ. ಮೊದಲನೆಯವಳು ಕಡ್ಡಿ ಕಿತ್ತೆಸೆದು ತೊಂಬತ್ತೂ ಸಾಲು ಸರ್ರನೆ ಬಿಚ್ಚುತ್ತಾಳೆ, ಸಿಟ್ಟು ಇಳಿಯದಿದ್ದರೆ ಮಗಳ ಟೋಪಿಯನ್ನೂ ಬಿಚ್ಚುತ್ತಾಳೆ. ಎರಡನೆಯವಳು ಅರ್ಧ ಬಿಚ್ಚುತ್ತಾಳೆ. ಮೂರನೆಯವಳು ಎಪ್ಪತ್ತರವರೆಗೆ ಮಾತ್ರ. ನಾಲ್ಕನೆಯವಳು ಆ ಕುಣಿಕೆಯ ಆಚೀಚೆ ನಾಲ್ಕಾರನ್ನು ಇಳಿಸಿ ಮತ್ತೆ ಏರಿಸುತ್ತಾಳೆ. ಐದನೆಯವಳು ಕ್ರೋಶಾ ಕಡ್ಡಿ ತಂದು ಜಾರಿದ್ದೊಂದನ್ನೇ ಏಣಿ ಹತ್ತಿಸಿ ಮೇಲಕ್ಕೆ ತರುತ್ತಾಳೆ. ಆರನೆಯವಳು ಅದನ್ನು ನೋಡಿ, ಅಲ್ಲೊಂದು ಪಿನ್ನು ಸಿಕ್ಕಿಸಿ, ‘ಇಷ್ಟು ದೊಗಳಿ ಐತಿ, ಯಾರ್ ನೋಡ್ತಾರ ಬಿಡs’ ಎಂದು ಚಹಾಕ್ಕೆ ನೀರಿಡುತ್ತಾಳೆ. ಇವಳಿಗೆ ಮೋಕ್ಷ ಸಮೀಪ.

ಹನ್ನೊಂದು ಛಾಯೆಯ ಸ್ವೆಟರು ತೊಟ್ಟವರನ್ನು ಕಂಡ ಬೀಗರು ‘ಯಾವ ಬಣ್ಣದ್ದು?’ ಎಂದು ಕೇಳಿದರೆ ಉತ್ತರಿಸಲು ಸ್ಯಾದ್ವಾದವೊಂದೇ ದಾರಿ. ಒಂದು ದೃಷ್ಟಿಯಿಂದ ನೀಲಿ. ಒಂದು ದೃಷ್ಟಿಯಿಂದ ನೀಲಿಯಲ್ಲ. ಕ್ರಮವಾಗಿ ನೋಡಿದರೆ ಹೌದೂ ಅಲ್ಲವೂ. ಒಮ್ಮೆಗೇ ಹೇಳೆಂದರೆ ಅವಕ್ತವ್ಯ. ಮಿಕ್ಕ ಮೂರು ಭಂಗ ಹೇಳುವಷ್ಟರಲ್ಲಿ ಬೀಗರು ಊಟಕ್ಕೆ ಎದ್ದಿರುತ್ತಾರೆ. ಎಲ್ಲಿ ಕಪ್ಪು ಮುಗಿದು ನೀಲಿ ಶುರುವಾಯಿತೆಂದು ತೋರಿಸಲು ಬಂದರೆ ಆ ಸ್ವೆಟರು ಕೆಟ್ಟಿತೆಂದೇ ಲೆಕ್ಕ. ಈ ಭಾಗದ ಮಾತಿಗೂ ಇದೇ ಹೆಣಿಗೆ. ಉಗಾರದಿಂದ ಮಿರಜಿನವರೆಗೆ ಗಾಡಿಯಲ್ಲಿ ಕಿವಿ ತೆರೆದು ಕೂತವರಿಗೆ ಕನ್ನಡ ಯಾವ ಸೀಟಿನಲ್ಲಿ ಇಳಿಯಿತು, ಮರಾಠಿ ಯಾವ ಸೀಟಿನಲ್ಲಿ ಹತ್ತಿತು ತಿಳಿಯುವುದಿಲ್ಲ; ನಡುವೆ ಎರಡೆಳೆ ಕೂಡಿಸಿದ ಸಾಲುಗಳೇ ಬಹಳ. ಗಡಿ ತಂಟೆ ಬಿಡಿಸಲು ಕೂತ ಮಹಾಜನ ಆಯೋಗ 1967ರ ವರದಿಯಲ್ಲಿ ಹಳ್ಳಿ ಹಳ್ಳಿ ಹೆಸರಿಸಿ ಇದು ಅತ್ತ, ಇದು ಇತ್ತ ಎಂದು ವಿಂಗಡಿಸಿತು. ಆ ಆಯೋಗದ ಮುಂದೆ ಈ ಸ್ವೆಟರು ಇಟ್ಟಿದ್ದರೆ ಕಪ್ಪು ನೀಲಿ ಕೂಡಿದ ಇಪ್ಪತ್ತೊಂದನೆಯ ಸಾಲು ಯಾರಿಗೆ ಹೋಗುತ್ತಿತ್ತು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಕಡೆಯದು ತೋಳಿನ ಸಮಸ್ಯೆ. ಶಾಸ್ತ್ರ ಇಲ್ಲಿ ಸೋಲುತ್ತದೆ. ಬಣ್ಣ ತಾನಾಗಿ ಬದಲಾಗುವ ಉಂಡೆ ತಂದವರು ಮೈಯಲ್ಲಿ 216 ಕುಣಿಕೆಗೆ ಒಂದು ಸಾಲು ಮುಗಿಸಿದರೆ, ತೋಳಿನಲ್ಲಿ 63 ಕುಣಿಕೆಗೇ ಸಾಲು ಮುಗಿಯುತ್ತದೆ. ಮೈಯ ಒಂದು ಸಾಲಿನ ನೂಲು ತೋಳಿನ ಮೂರು ಸಾಲು ದಾಟಿ ಉಳಿಯುತ್ತದೆ. ಫಲವಾಗಿ ಎದೆ ಪದ್ಮಲೇಶ್ಯೆಗೆ ಏರಿದಾಗಲೂ ತೋಳು ಕೃಷ್ಣದಲ್ಲೇ ಜೋತಾಡುತ್ತಿರುತ್ತದೆ. ಬಲದೋಳು ಎಡದೋಳುಗಳ ಪಾಠಾಂತರ ಬೇರೆ. ಎರಡೂ ತೋಳನ್ನು ಎರಡು ಉಂಡೆಯಿಂದ ಒಂದೇ ಕಡ್ಡಿಯಲ್ಲಿ ಜೊತೆಜೊತೆಗೆ ಹೆಣೆದರೆ ಪಾಠ ಕೂಡಿಬರುತ್ತದೆಂದು ಅನುಭವಿಗಳ ಮತ. ಉಂಡೆಗಳು ಸಿಕ್ಕುಬಿದ್ದು ಗಂಡ ಹೆಂಡಿರು ರಾತ್ರಿಯಿಡೀ ಬಿಡಿಸುತ್ತಾರೆಂದು ಅವರೇ ಬರೆದ ಟಿಪ್ಪಣಿ. ತೋಳನ್ನೇ ಬಿಟ್ಟು ಹೊದ್ದುಕೊಳ್ಳಿರೆಂದು ಕಂಬಳಿ ಮತದವರು ಹೊರಗಿನಿಂದ ಕೂಗುತ್ತಿದ್ದಾರೆ.

ಇನ್ನು ಫಲಶ್ರುತಿ. ಇದನ್ನು ಶ್ರದ್ಧೆಯಿಂದ ಹೆಣೆದವರಿಗೆ ಬೆರಳು ನೋವು, ಪಕ್ಕದ ಮನೆಯವರಿಂದ ‘ನನಗೂ ಒಂದು’ ಎಂಬ ಬೇಡಿಕೆ, ಮುಂದಿನ ಚಳಿಗಾಲದಲ್ಲಿ ಮೊಣಕಾಲು ಮುಟ್ಟುವ ನಿಲುವಂಗಿ ಪ್ರಾಪ್ತವಾಗುವವು. ಓದುಗರಲ್ಲಿ ಬೇಡಿಕೆ ಒಂದೇ: ಒಗೆದ ಮೇಲೆ ತಂತಿಗೆ ನೇತುಹಾಕಬೇಡಿರಿ. ಹಿಂಡದೆ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹೊರಸಿನ ಮೇಲೆ ಅಂಗಾತ ಹರವಿ ಒಣಗಿಸಿರಿ.