ಎಚ್ಚರಿಕೆಯ ಪೆಟ್ಟಿಗೆಯ ಪುನರ್ಜನ್ಮ ವಿಚಾರ

ಮೊಬೈಲಿನ ಪರದೆಯ ಮೇಲೆ ಕರೆಯದೆ ಬಂದು, ಉತ್ತರ ಪಡೆಯದೆ ಹೊರಡಲೊಲ್ಲದ ಚೌಕಾಕೃತಿಯೊಂದುಂಟಷ್ಟೆ; ಅದನ್ನು ಲೌಕಿಕರು ಕಿರಿಕಿರಿಯೆಂದೂ ತಂತ್ರಾಂಶಕಾರರು ಅಲರ್ಟ್ ಡಯಲಾಗ್ ಎಂದೂ ಕರೆಯುವರು. ಇದರ ತತ್ತ್ವವನ್ನು ಕುರಿತು ಪೂರ್ವಾಚಾರ್ಯರು ಮೌನ ವಹಿಸಿರುವುದರಿಂದ, ಅಲ್ಪಮತಿಗಳಾದ ನಾವೇ ಈ ಕಾರ್ಯಕ್ಕೆ ಕೈಹಚ್ಚಬೇಕಾಗಿ ಬಂದಿದೆ.

ಆಂಡ್ರಾಯ್ಡ್ ಸಂಪ್ರದಾಯದಲ್ಲಿ ಈ ಪೆಟ್ಟಿಗೆಗೆ ವಿಧಿ, ನಿಷೇಧ, ತಟಸ್ಥವೆಂದು ಮೂರೇ ಬಟನ್‌ಗಳು. 2011ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಎಡಗಡೆಯಿದ್ದ ವಿಧಿಯನ್ನು ಬಲಕ್ಕೆ ಸರಿಸಿತು. ಹಣೆಯ ನಾಮದ ಜಗಳದಲ್ಲಿ ನುರಿತ ನಮ್ಮ ಜನಕ್ಕೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಪರದೆಗೊಂದರಂತೆ ಪೆಟ್ಟಿಗೆಯನ್ನು ಹೊಸದಾಗಿ ಬರೆಯುವುದು ಗೌರವದೋಷ, ಎಂದರೆ ಅನಗತ್ಯ ಭಾರವೆಂದು ಬಗೆದು, ಅರ್ಧಮಾತ್ರೆ ಉಳಿದರೆ ಪುತ್ರೋತ್ಸವವನ್ನಾಚರಿಸುವ ವೈಯಾಕರಣರ ವಂಶಜರಾದ ತಂತ್ರಾಂಶಕಾರರು, ಒಂದೇ ಪೆಟ್ಟಿಗೆಯನ್ನು ಎಲ್ಲೆಡೆಯೂ ಮರುಬಳಸುವ ಲಾಘವಮಾರ್ಗವನ್ನು ಹಿಡಿದರು. ಆದರೆ ಫೋನನ್ನು ಅಡ್ಡ ತಿರುಗಿಸಿದೊಡನೆ, ಸಾಮಾನ್ಯವಾಗಿ, ಪರದೆಗೆ ಆಧಾರವಾದ ಆಕ್ಟಿವಿಟಿಗೆ ಪ್ರಳಯವಾಗಿ ಮರುಸೃಷ್ಟಿಯಾಗುವುದು. ಹಳೆಯದಕ್ಕೆ ಅಂಟಿಕೊಂಡಿದ್ದ ಪೆಟ್ಟಿಗೆಯು ಮನೆಯಿಲ್ಲದ ಪ್ರೇತವಾಗುವುದು. ಇದಕ್ಕೆ ಶಾಂತಿಯಾಗಿ, ಅದೇ 2011ರ ಮೂರನೆಯ ಆವೃತ್ತಿಯಲ್ಲಿ ಪೆಟ್ಟಿಗೆಯನ್ನು ಹೊರುವ ಡಯಲಾಗ್‌ಫ್ರಾಗ್ಮೆಂಟ್ ಅವತರಿಸಿತು. ಅದು ಬರಿಗೈಯಲ್ಲಿ ಮರುಹುಟ್ಟು ಪಡೆದರೂ, ಶೀರ್ಷಿಕೆ, ಸಂದೇಶಗಳೆಂಬ ಪೂರ್ವವಾಸನೆಗಳು ಬಂಡಲ್ ಎಂಬ ಗಂಟಿನೊಳಗೆ ಹಿಂಬಾಲಿಸಿ ಬರುವುವು. ಬಂಡಲ್ ಎಂಬುದಕ್ಕೆ ಗಂಟೆಂಬ ಅರ್ಥವಿರುವುದು ಕಾಕತಾಳೀಯವೆಂದು ನಂಬಲು ನಮ್ಮ ಮನಸ್ಸು ಒಡಂಬಡದು. ಬಟನ್ ಒತ್ತಿದಾಗ ಏನಾಗಬೇಕೆಂಬ ಲಿಸನರ್ ಮಾತ್ರ ಗಂಟಿನಲ್ಲಿ ಹಿಡಿಸದು. ಆದುದರಿಂದ ಅಜಾಗರೂಕರು ಕಟ್ಟಿದ ಪೆಟ್ಟಿಗೆಯು ಪ್ರಶ್ನೆಯನ್ನು ನೆನಪಿಟ್ಟುಕೊಂಡು, ಉತ್ತರ ಬಂದರೆ ಮಾಡಬೇಕಾದುದನ್ನು ಮರೆತಿರುತ್ತದೆ. ನಿವೃತ್ತರಾದ ಕೆಲವು ಅಧಿಕಾರಿಗಳಲ್ಲಿಯೂ ಈ ಲಕ್ಷಣವುಂಟು.

ಲಾಘವವು ಅತಿಯಾದಲ್ಲಿ ಮತ್ತೊಂದು ವ್ಯಾಧಿ ತಲೆದೋರುವುದು. ಸರ್ವಸಂದರ್ಭಗಳಿಗೂ ಹೊಂದಲೆಂದು ವಿಶೇಷಣಗಳನ್ನೆಲ್ಲ ಕಳಚಿ ಕಳಚಿ, ಕೊನೆಗೆ ಪೆಟ್ಟಿಗೆಯು ನಿರ್ಗುಣ ಬ್ರಹ್ಮದಂತೆ “ಏನೋ ತಪ್ಪಾಗಿದೆ” ಎಂದಷ್ಟೇ ನುಡಿಯುವುದು. ಬಟನ್‌ಗಳ ಹೆಸರನ್ನೂ ಕರೆದವನು ಕೊಡದಿದ್ದರೆ “ಸರಿ”, “ರದ್ದು” ಎಂಬ ಎರಡೇ ಸನಾತನ ನಾಮಗಳು ಉಳಿಯುವುವು. ಒಮ್ಮೆ ಬೆಂಗಳೂರಿನಿಂದ ಶಿವಮೊಗ್ಗೆಗೆ ಕಾದಿರಿಸಿದ್ದ ಬಸ್ ಟಿಕೆಟನ್ನು ಬೇಡವೆನ್ನಲು ಹೊರಟ ನಮ್ಮೆದುರಿಗೆ ಇಂತಹ ಪೆಟ್ಟಿಗೆಯೊಂದು ಉದ್ಭವಿಸಿ, “ಟಿಕೆಟನ್ನು ರದ್ದುಮಾಡಬೇಕೆ?” ಎಂದು ಕೇಳಿ, ಕೆಳಗೆ “ರದ್ದು”, “ಸರಿ” ಎಂಬೆರಡು ಗುಂಡಿಗಳನ್ನು ಮುಂದೊಡ್ಡಿತು. ಇಲ್ಲಿ “ರದ್ದು” ಎಂದರೆ ಟಿಕೆಟಿನ ರದ್ದೊ, ರದ್ದತಿಯ ರದ್ದೊ, ಅಥವಾ ಕೇಳಿದ ಪ್ರಶ್ನೆಯದೇ ರದ್ದೊ ಎಂದು ಹೆಬ್ಬೆರಳನ್ನು ಮೇಲೆತ್ತಿ ಹಿಡಿದು, ಪೂರ್ವಪಕ್ಷ ಸಿದ್ಧಾಂತಗಳನ್ನು ತೂಗುತ್ತ ಕುಳಿತಿರುವಷ್ಟರಲ್ಲಿ ಬಸ್ಸು ತುಮಕೂರನ್ನು ದಾಟಿತ್ತು.